ಲಾಳ ಕಟ್ಟುವುದು ಅಂದರೆ ಏನು?

ಉತ್ತರ ಕರ್ನಾಟಕದ ಕಡೆ ನಾಲಬಂದ ಅನ್ನುವ ಮನೆತನದ ಹೆಸರು ಕೇಳಿರುತ್ತೀರಿ. ನಾಲ್ ಅಂದರೆ ಲಾಳ, ಕುದುರೆಯ ಗೊರಸಿನಡಿ ಕೂರಿಸುವ ಕಬ್ಬಿಣದ ಪಟ್ಟಿ. ಇದು ಅರಬ್ಬಿಯಿಂದ ಬಂದ ಪದ. ಬಂದ್ ಅಂದರೆ ಕಟ್ಟುವವನು, ಇದು ಪಾರ್ಸಿ. ಕನ್ನಡದಲ್ಲೂ ನಾವು ಲಾಳ 'ಕಟ್ಟು'ತ್ತೇವೆ, ಮೊಳೆ ಹೊಡೆದು ಕೂರಿಸುವುದಾದರೂ ಬಾಯಿಗೆ ಬರುವುದು ಕಟ್ಟು ಅನ್ನುವ ಮಾತೇ. ಲಾಳ ಕಟ್ಟುವವನಿಗೆ ಇಂಗ್ಲಿಷಿನಲ್ಲಿ ಫ್ಯಾರಿಯರ್ ಅನ್ನುತ್ತಾರೆ, ಆ ಪದ ಹುಟ್ಟಿದ್ದು ಕಬ್ಬಿಣ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ.

ಈ ಹೆಸರುಗಳಲ್ಲೆಲ್ಲ ಕಬ್ಬಿಣ ಇದೆ, ಲಾಳ ಇದೆ. ಗೊರಸು ಮಾತ್ರ ಇಲ್ಲ. ಶನಿಕಾಟಕ್ಕೆ ಅಂತ ಕರಿಕುದುರೆ ಲಾಳದ ಉಂಗುರ ಹುಡುಕುವವರು, ಹಳೇ ಲಾಳವನ್ನು ಬಾಗಿಲಿಗೆ ಬಡಿಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಈ ಕೆಲಸದಲ್ಲಿ ಮುಕ್ಕಾಲು ಪಾಲು ಗೊರಸಿನದು.

ಗೊರಸು ನಮ್ಮ ಉಗುರಿನ ಥರವೇ. ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಬಯಲಲ್ಲಿ ಓಡಾಡಿಕೊಂಡಿರುವ ಕುದುರೆಗೆ ಬೆಳೆದದ್ದು ನೆಲಕ್ಕೆ ಉಜ್ಜಿ ಸವೆಯುತ್ತದೆ. ಟಾರು ರಸ್ತೆಯಲ್ಲಿ ಗಾಡಿ ಎಳೆಯುವ ಕುದುರೆಗೆ ಬೆಳೆದದ್ದಕ್ಕಿಂತ ಜಾಸ್ತಿ ಸವೆಯುತ್ತದೆ, ಅದಕ್ಕೇ ಲಾಳ ಬೇಕು. ಲಾಳ ಕಟ್ಟಿದ ಮೇಲೆ ಸವೆಯುವುದು ನಿಲ್ಲುತ್ತದೆ, ಬೆಳೆಯುವುದು ನಿಲ್ಲುವುದಿಲ್ಲ ಅಲ್ವಾ? ಹಾಗಾಗಿ 6ರಿಂದ 8 ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಅರ ಹಾಕಿ ಸಮ ಮಾಡಿ ಮತ್ತೆ ಕಟ್ಟಬೇಕು. "ಲಾಳ ಇನ್ನೂ ಗಟ್ಟಿಯಾಗಿದೆ, ಸುಮ್ನೆ ಯಾಕೆ ಬಿಚ್ಚಿಸೋದು" ಅಂತ ತಿಂಗಳುಗಟ್ಟಲೆ ಬಿಟ್ಟರೆ ಗೊರಸಿನ ಮುಂಭಾಗ ಉದ್ದವಾಗಿ ಭಾರವೆಲ್ಲ ಹಿಮ್ಮಡಿಗೆ ಬೀಳುತ್ತದೆ, ಕಾಲಿನ ಹಿಂದಿರುವ ಹುರಿಯಂಥ ಸ್ನಾಯುರಜ್ಜುಗಳು ಜಗ್ಗುತ್ತವೆ, ಒಳ್ಳೇ ಕುದುರೆ ಕುಂಟ ಬೀಳುತ್ತದೆ. ನನಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಎತ್ತಿಗೂ ಲಾಳ ಕಟ್ಟುತ್ತಾರೆ. ಅದರ ಗೊರಸು ಸೀಳಿರುವುದರಿಂದ ಕಾಲಿಗೆ ಎರಡು, ಒಟ್ಟು 8 ಬಿಲ್ಲೆ. ಕುದುರೆ ಮೂರು ಕಾಲಲ್ಲಿ ನಿಂತು ಒಂದು ಕಾಲು ಕೈಗೆ ಕೊಡುತ್ತದೆ, ಎತ್ತನ್ನು ಹಗ್ಗ ಹಾಕಿ ಕೆಡವಿಕೊಳ್ಳಬೇಕು. ರೇಸ್ ಕುದುರೆಗೆ ಹಗುರ ಅಲ್ಯೂಮಿನಿಯಂ ಲಾಳ.

ಬ್ರಿಟನ್ನಿನಲ್ಲಿ ಇದಕ್ಕೆ 1975ರ ಕಾಯ್ದೆಯೇ ಇದೆ. ಪಶುವೈದ್ಯರು, ಕಲಿಯುತ್ತಿರುವವರು ಇಂಥವರನ್ನು ಬಿಟ್ಟರೆ ನೋಂದಣಿ ಇಲ್ಲದವರು ಅಲ್ಲಿ ಕುದುರೆಗೆ ಲಾಳ ಕಟ್ಟುವಂತಿಲ್ಲ. ನಮ್ಮಲ್ಲಿ ಅಪ್ಪನ ಕೈ ನೋಡಿ ಮಗ ಕಲಿತದ್ದೇ ಜಾಸ್ತಿ. ಆ ಕೈಗಳಿಗೂ ಅಷ್ಟೇ ಮರ್ಯಾದೆ ಸಿಗಬೇಕು.

ಮೊಳೆ ಹೊಡೆದರೆ ನೋವಾಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸರಿಯಾಗಿ ಹೊಡೆದರೆ ಇಲ್ಲ. ಗೊರಸು ಎತ್ತಿ, ಮಣ್ಣು ಕೆರೆದು ಅಡಿ ನೋಡಿದರೆ ಹೊರಗೋಡೆಗೂ ಅಂಗಾಲಿಗೂ ನಡುವೆ ತೆಳ್ಳನೆಯ ಬಿಳಿಗೆರೆ ಕಾಣುತ್ತದೆ. ಮೊಳೆ ಆ ಗೆರೆಯ ಹೊರಗೇ ಇರಬೇಕು, ಒಳಗೆ ಜೀವವಿದೆ. ಲಾಳದ ಮೊಳೆಯ ತುದಿ ಒಂದು ಬದಿ ಓರೆಯಾಗಿರುತ್ತದೆ, ಹಾಗಾಗಿ ಒಳಗೆ ಹೋಗುತ್ತಾ ಹೋಗುತ್ತಾ ಹೊರಕ್ಕೆ ಬಾಗಿ ಗೋಡೆಯಿಂದ ಮೂತಿ ತೋರಿಸುತ್ತದೆ. ಆ ತುದಿ ಮುರಿದು, ಉಳಿದದ್ದನ್ನು ಮಡಚಿ ಬಡಿದರೆ ಲಾಳ ಭದ್ರ. ಹಿಮ್ಮಡಿಯ ಹತ್ತಿರ ಮಾತ್ರ ಮೊಳೆ ಹೊಡೆಯುವುದಿಲ್ಲ. ಹೆಜ್ಜೆ ಊರಿದಾಗ ಗೊರಸಿನ ಹಿಂಭಾಗ ಒಂಚೂರು ಅಗಲವಾಗುತ್ತದೆ, ಅದನ್ನು ಬಿಗಿದು ಹಿಡಿಯಬಾರದು.

ಮೈಸೂರಿನಲ್ಲಿ ಒಂದು ಟಾಂಗಾ ಕುದುರೆಗೆ ಲಾಳ ಕಟ್ಟುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅಲ್ಲಿವರೆಗೂ ಹರಟುತ್ತಿದ್ದ ಹಿರಿಯರು ಸುತ್ತಿಗೆ ಎತ್ತಿಕೊಂಡ ಕೂಡಲೇ ಸುಮ್ಮನಾದರು. ಗಟ್ಟಿ ಗೋಡೆಯಲ್ಲಿ ಹೋಗುವ ಮೊಳೆ ಟಣ್ ಅನ್ನುತ್ತದೆ, ಸದ್ದು ಮೆತ್ತಗಾದರೆ ದಾರಿ ತಪ್ಪಿದೆ ಅಂತ ಲೆಕ್ಕ ಅಂತ ಆಮೇಲೆ ಹೇಳಿದರು. ಮೂರನೇ ಮೊಳೆಗೆ ಕುದುರೆ ಕಾಲು ಎಳೆದುಕೊಂಡಿತು. ತಕ್ಷಣ ಮೊಳೆ ಕಿತ್ತರು. ಒದ್ದೆಯಾಗಿದೆಯಾ ಅಂತ ಬೆರಳಲ್ಲಿ ಸವರಿ, ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದರು. ಒಣಗಿತ್ತು. ಕುದುರೆಯ ಕಾಲನ್ನು ಒಮ್ಮೆ ಮೊಣಕಾಲಿನಿಂದ ಕೆಳಗಿನವರೆಗೂ ನೇವರಿಸಿ, ಡಬ್ಬಿಯಿಂದ ಬೇರೆ ಮೊಳೆ ತೆಗೆದುಕೊಂಡರು.