ಆಟಿಕೆಯ ಗುಟ್ಟು ಹೇಳಿಬಿಟ್ಟರೆ

ಕೊಳವೆಗಳನ್ನು ಜೋಡಿಸಿ ಮಾಡಿದ ಒಂದು ಆಟಿಕೆ. ಒಂದು ಕೊಳವೆ ಎಳೆದರೆ ಕೀಚ್ ಎನ್ನುತ್ತದೆ. ಇನ್ನೊಂದೆಡೆ ದೀಪ ಹತ್ತುತ್ತದೆ, ಮತ್ತೊಂದೆಡೆ ಸ್ವರ ಹೊರಡುತ್ತದೆ, ಒಂದರೊಳಗೆ ಕನ್ನಡಿ ಅಡಗಿದೆ. ಮನೋವಿಜ್ಞಾನಿಗಳಾದ ಎಲಿಜಬೆತ್ ಬೊನಾವಿಟ್ಜ್, ಲಾರಾ ಶುಲ್ಜ್ ಮತ್ತು ಸಂಗಡಿಗರು ಇದನ್ನು ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳ ಕೈಗೆ ಕೊಟ್ಟು ನೋಡಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು.

ಕೆಲವು ಮಕ್ಕಳಿಗೆ “ನೋಡು, ಇದು ಹೀಗೆ ಕೆಲಸ ಮಾಡುತ್ತೆ” ಎಂದು ಕೀಚ್ ಸದ್ದು ಮಾಡಿ ತೋರಿಸಿದರು. ಇನ್ನು ಕೆಲವರ ಮುಂದೆ ಅದೇ ಸದ್ದು ಅಕಸ್ಮಾತ್ತಾಗಿ ಬಂತು ಎಂಬಂತೆ ನಟಿಸಿದರು. ಪಾಠ ಹೇಳಿಸಿಕೊಂಡ ಮಕ್ಕಳು ಆ ಕೊಳವೆಯನ್ನೇ ಮತ್ತೆ ಮತ್ತೆ ಎಳೆದರು, ಬೇಗ ಆಟ ಮುಗಿಸಿದರು, ಉಳಿದ ಗುಟ್ಟುಗಳಲ್ಲಿ ಕಡಿಮೆ ಕಂಡುಕೊಂಡರು.

ಪಾಠ ಕುತೂಹಲವನ್ನು ಕೊಂದಿತು ಎಂದು ಷರಾ ಬರೆಯುವುದು ಸುಲಭ. ಆದರೆ ಮಕ್ಕಳ ಲೆಕ್ಕಾಚಾರ ಅದಕ್ಕಿಂತ ಜಾಣತನದ್ದು: ಆಟಿಕೆ ಬಲ್ಲವರು ಒಂದನ್ನೇ ತೋರಿಸಿದರೆಂದರೆ ಅದರಲ್ಲಿ ಇರುವುದೇ ಅಷ್ಟು. ಇದಕ್ಕೆ ಸಾಕ್ಷಿಯೂ ಅದೇ ಪ್ರಯೋಗದಲ್ಲಿದೆ. ಒಂದು ಗುಂಪಿಗೆ ಪಾಠ ಹೇಳುತ್ತಿದ್ದವರು ಏನೋ ಕೆಲಸ ನೆನಪಾದಂತೆ ನಡುವೆಯೇ ಎದ್ದು ಹೋದರು. ಆ ಮಕ್ಕಳು ಹುಡುಕಾಟ ನಿಲ್ಲಿಸಲಿಲ್ಲ. ಪಾಠ ಅರ್ಧಕ್ಕೆ ನಿಂತಿದೆ, ಇನ್ನೂ ಏನೋ ಇರಬೇಕು ಎಂಬುದು ಅವರಿಗೆ ಹೊಳೆದಿತ್ತು. ಈ ವಯಸ್ಸಿನವರಿಗೆ ತರ್ಕ ಬರುವುದಿಲ್ಲ ಎನ್ನುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

ಹಾಗಾದರೆ ಏನನ್ನೂ ಹೇಳಿಕೊಡದೆ ಆಡಲು ಬಿಟ್ಟರೆ ಸಾಕೇ? ಸಾಲದು. ಕೆಲ್ಲಿ ಫಿಶರ್, ಕ್ಯಾಥಿ ಹರ್ಷ್-ಪಾಸೆಕ್ ಮತ್ತಿತರರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕು-ಐದು ವರ್ಷದ ಮಕ್ಕಳು ತ್ರಿಕೋನದಂಥ ಆಕೃತಿಗಳನ್ನು ಕಲಿಯಬೇಕಿತ್ತು. ಆಕೃತಿಗಳನ್ನು ಕೊಟ್ಟು ಸುಮ್ಮನೆ ಬಿಟ್ಟಾಗ ಮಕ್ಕಳು ಖುಷಿಯಾಗಿ ಆಡಿದರು, ಜ್ಯಾಮಿತಿ ಮಾತ್ರ ಹೆಚ್ಚು ತಲೆಗೆ ಹೋಗಲಿಲ್ಲ. ಪತ್ತೇದಾರರಂತೆ “ಇವೆಲ್ಲ ಯಾಕೆ ತ್ರಿಕೋನ?” ಎಂಬ ಗುಟ್ಟು ಹುಡುಕಲು ಹಚ್ಚಿ, ದೊಡ್ಡವರು ಪ್ರಶ್ನೆ ಕೇಳುತ್ತ ಜೊತೆಗಿದ್ದಾಗ ಫಲ ಚೆನ್ನಾಗಿತ್ತು, ದೊಡ್ಡವರೇ ವಿವರಿಸಿ ಮಗು ನೋಡುತ್ತ ಕೂತಾಗಿನದಕ್ಕಿಂತಲೂ ಚೆನ್ನಾಗಿತ್ತು. ಸೊಟ್ಟಗೆ, ಉದ್ದಕ್ಕೆ ಎಳೆದಂತಿರುವ ತ್ರಿಕೋನವನ್ನೂ ತ್ರಿಕೋನವೆಂದು ಒಪ್ಪುವುದು ಇಲ್ಲಿನ ನಿಜವಾದ ಪರೀಕ್ಷೆ. ಬರೀ ಚಿತ್ರ ನೆನಪಿಟ್ಟ ಮಗು ಅಲ್ಲೇ ಎಡವುತ್ತದೆ.

ಆಟದ ಹೆಸರಿನಲ್ಲಿ ಮಾರುವ ಭರವಸೆಗಳ ಬಗ್ಗೆ ನನಗೆ ಕೊಂಚ ಅನುಮಾನವಿದೆ. ಆ್ಯಂಜಲಿನ್ ಲಿಲ್ಲಾರ್ಡ್ ಮತ್ತು ಸಂಗಡಿಗರು 2013ರಲ್ಲಿ ನಟನೆಯ ಆಟಗಳ ಕುರಿತ ಹಳೆಯ ಸಂಶೋಧನೆಗಳನ್ನೆಲ್ಲ ಜಾಲಾಡಿದರು. ಇಂಥ ಆಟದಿಂದಲೇ ಸೃಜನಶೀಲತೆ, ಬುದ್ಧಿಮತ್ತೆ ಹೆಚ್ಚುತ್ತವೆ ಎನ್ನಲು ಗಟ್ಟಿ ಪುರಾವೆ ಅವರಿಗೆ ಸಿಗಲಿಲ್ಲ. ಮಗು ಅಮ್ಮನಂತೆ, ಡಾಕ್ಟರಂತೆ ಆಡಬಾರದು ಎಂದು ಇದರರ್ಥವಲ್ಲ. ಆಡಲಿ, ಖುಷಿಗೇ ಆಡಲಿ.

ಕಷ್ಟವಿರುವುದು ದೊಡ್ಡವರ ಪಾಲಿನ ಕೆಲಸದಲ್ಲಿ. ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಗಮನಿಸಬೇಕು, ಉತ್ತರ ನಾಲಿಗೆಯ ತುದಿಗೆ ಬಂದರೂ ನುಂಗಿ ಪ್ರಶ್ನೆ ಕೇಳಬೇಕು, ಅದು ಯೋಚಿಸುವಷ್ಟು ಹೊತ್ತು ಕಾಯಬೇಕು. ಕೋಣೆ ತುಂಬ ಮಕ್ಕಳು, ಒಬ್ಬರೇ ಶಿಕ್ಷಕಿ ಇದ್ದಲ್ಲಿ ಇದು ಹೆಚ್ಚು ಹೊತ್ತು ನಡೆಯದು. ಆಗ “ಇದು ಹೀಗೆ” ಎಂದು ತೋರಿಸಿ ಮುಂದಿನ ಮಗುವಿನತ್ತ ಹೋಗುವುದೇ ಆಕೆಗೆ ಉಳಿಯುವ ದಾರಿ.