ಕಣ್ಣು ಕರಗಿದ ಕಬ್ಬಿಣದ ಮೇಲಿರಲಿ: ಆರ್ಕ್ ವೆಲ್ಡಿಂಗ್ ಕಲಿಯುವವರಿಗೆ ಟಿಪ್ಪಣಿ

ದಾವಣಗೆರೆಯಲ್ಲಿ ಐಟಿಐ ವೆಲ್ಡರ್ ಟ್ರೇಡ್ ಕಲಿಯುತ್ತ, ಸಂಜೆ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಶೆಡ್ಡಿಗೆ ಹೋಗುತ್ತ ಬರೆದಿಟ್ಟುಕೊಂಡಿದ್ದು ಇದು. ಹೊಸದಾಗಿ ಸೇರಿದವರಿಗೆ ಉಪಯೋಗವಾಗಲಿ ಅಂತ ತಿದ್ದಿ ಬರೆದಿದ್ದೇನೆ. ಗ್ಯಾಸ್, ಮಿಗ್, ಟಿಗ್ ಅನ್ನುವ ಬೇರೆ ಬಗೆಯ ವೆಲ್ಡಿಂಗ್ ಇದರಲ್ಲಿಲ್ಲ. ರಾಡಿನ ವೆಲ್ಡಿಂಗ್ ಅಷ್ಟೇ: ಲೇಪ ಹಚ್ಚಿದ ಲೋಹದ ಕಡ್ಡಿಯ (ರಾಡ್) ತುದಿಗೂ ಕಬ್ಬಿಣಕ್ಕೂ ನಡುವೆ ಹೊತ್ತುವ ವಿದ್ಯುತ್ ಕಿಡಿ (ಆರ್ಕ್) ಎರಡನ್ನೂ ಕರಗಿಸಿ ಬೆಸೆಯುತ್ತದೆ.

ಮೊದಲ ಎರಡು ವಾರ ನಾನು ನೋಡಿದ್ದೆಲ್ಲ ಬೆಳಕನ್ನೇ. ಬೀಡ್, ಅಂದರೆ ಬೆಸುಗೆಯ ಗೆರೆ, ಹಾವು ಹರಿದಂತೆ ಬರುತ್ತಿತ್ತು. ಶೆಡ್ಡಿನ ಮೇಸ್ತ್ರಿ ಹಿಂದೆ ನಿಂತು, "ಬೆಳಕು ನೋಡಬ್ಯಾಡಪ್ಪ, ಅದರ ಹಿಂದ ಕರಗಿದ್ದು ನೋಡು" ಅಂದರು. ಆರ್ಕಿನ ಬೆನ್ನಿಗೇ ಕನ್ನಡಿಯಂತೆ ನಯವಾದ, ಕರಗಿದ ಲೋಹದ ಒಂದು ಪುಟ್ಟ ಕೆರೆ ಇರುತ್ತದೆ, ಅದರ ಹಿಂದೆ ಸ್ಲ್ಯಾಗ್ (ರಾಡಿನ ಲೇಪ ಕರಗಿ ಆಗುವ ಕಿಟ್ಟ) ತೇಲುತ್ತ ಬರುತ್ತದೆ. ಆ ಕೆರೆಯ ಅಗಲ ಒಂದೇ ಸಮನೆ ಇರುವಂತೆ ಕೈ ನಡೆಸಿದರೆ ಬೀಡ್ ಸಮ. ಸ್ಲ್ಯಾಗ್ ಮುಂದಕ್ಕೆ ನುಗ್ಗಿ ಆರ್ಕಿನ ಕೆಳಗೆ ಬಂದರೆ ಒಳಗೇ ಸಿಕ್ಕಿಕೊಳ್ಳುತ್ತದೆ. ಆಗ ಸ್ವಲ್ಪ ಬೇಗ ಸಾಗಿ, ಇಲ್ಲವೇ ಆರ್ಕಿನ ರಭಸ ಸ್ಲ್ಯಾಗನ್ನು ಹಿಂದಕ್ಕೆ ತಳ್ಳುವಂತೆ ರಾಡನ್ನು ಇನ್ನಷ್ಟು ವಾಲಿಸಿ.

ಆರ್ಕಿನ ಉದ್ದ ರಾಡಿನ ಒಳಗಿನ ತಂತಿಯ ದಪ್ಪದಷ್ಟಿರಲಿ: 2.5 ಎಂಎಂ ರಾಡಿಗೆ ಹೆಚ್ಚುಕಡಿಮೆ ಅಷ್ಟೇ ಅಂತರ. ಅಳೆಯಲು ಆಗುವುದಿಲ್ಲ, ಕಿವಿಯಿಂದಲೇ ತಿಳಿಯಬೇಕು. ನಮ್ಮೂರ ಮಿರ್ಚಿ ಅಂಗಡಿಯ ಬಾಣಲೆಯ ಸದ್ದು ಗೊತ್ತಲ್ಲ, ಎಣ್ಣೆ ಸರಿಯಾಗಿ ಕಾದಾಗಿನ ಆ ಎಡೆಬಿಡದ ಚರಚರ? ಅಂಥದ್ದು ಬಂದರೆ ಸರಿ. ಆರ್ಕ್ ಉದ್ದವಾದರೆ ಸದ್ದು ಭುಸುಗುಟ್ಟುತ್ತದೆ, ಕಿಡಿ ಸುತ್ತಲೂ ಚೆಲ್ಲುತ್ತದೆ, ಗಾಳಿ ಸೇರಿ ಬೀಡಿನಲ್ಲಿ ತೂತು ಬೀಳುತ್ತದೆ. ಮರೆಯಬೇಡಿ, ರಾಡ್ ಉರಿಯುತ್ತ ಗಿಡ್ಡವಾಗುತ್ತದೆ. ಮುಂದಕ್ಕೆ ನಡೆಸುತ್ತಲೇ ಕೈ ಕೆಳಕ್ಕೂ ಇಳಿಯುತ್ತಿರಬೇಕು. ಹೊಸಬರೆಲ್ಲ ಇಲ್ಲೇ ತಪ್ಪುತ್ತಾರೆ, ನಾನೂ ತಪ್ಪಿದ್ದೆ.

ಗೇಟು, ಗ್ರಿಲ್ ಕೆಲಸಕ್ಕೆ ಸಾಮಾನ್ಯವಾಗಿ ಸಿಗುವ 6013 ನಂಬರಿನ ರಾಡಿನಲ್ಲಿ 2.5 ಎಂಎಂಗೆ 70ರಿಂದ 80 ಆಂಪ್ಸ್ (ಕರೆಂಟಿನ ಅಳತೆ), 3.15 ಎಂಎಂಗೆ 100ರಿಂದ 120 ಆಂಪ್ಸ್ ಇಟ್ಟು ಶುರುಮಾಡಿ. ಪ್ಯಾಕೆಟ್ ಮೇಲೂ ಬರೆದಿರುತ್ತಾರೆ. ರಾಡ್ ಪದೇಪದೇ ಅಂಟಿಕೊಂಡು, ಬೀಡ್ ಹಗ್ಗದಂತೆ ಮೇಲೆಯೇ ಕೂತರೆ ಆಂಪ್ಸ್ ಕಡಿಮೆ. ಅಂಚಿನಲ್ಲಿ ಕಾಲುವೆ ಕೊರೆದಂತೆ ಗುಂಡಿ ಬಿದ್ದರೆ ಅದು ಅಂಡರ್‌ಕಟ್: ಆಂಪ್ಸ್ ಹೆಚ್ಚಾಗಿದೆ, ಇಲ್ಲವೇ ಆರ್ಕ್ ಉದ್ದವಾಗಿದೆ. ಹಳೇ ಟ್ರಾನ್ಸ್‌ಫಾರ್ಮರ್ ಮೆಷಿನ್ನಿನಲ್ಲಿ ಲೈನ್ ವೋಲ್ಟೇಜ್ ಇಳಿದರೆ ಆಂಪ್ಸ್ ಕೂಡ ಇಳಿಯುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಸೆಟ್ಟಿಂಗ್ ಸಂಜೆ ಕೆಟ್ಟಿತು ಅಂತ ಕೈಯನ್ನು ಬೈದುಕೊಳ್ಳುವ ಮೊದಲು ಇದನ್ನು ನೋಡಿ. ಕರೆಂಟ್ ಮೆಷಿನ್ನಿಗೆ ವಾಪಸಾಗುವ ಅರ್ಥ್ ಕ್ಲಾಂಪನ್ನು ಬಣ್ಣ, ತುಕ್ಕು ಉಜ್ಜಿ ತೆಗೆದ ಜಾಗಕ್ಕೇ ಕಚ್ಚಿಸಿ.

ರಾಡ್ ಅಂಟದಿರಲು ಬೆಂಕಿಕಡ್ಡಿ ಗೀರಿದಂತೆ ಗೀರಿ ಎತ್ತುವ ಅಭ್ಯಾಸ ಮಾಡಿ. ಅಂಟಿಯೇ ಬಿಟ್ಟರೆ ಪಕ್ಕಕ್ಕೆ ತಿರುವಿ ಕೀಳಿ, ಬರದಿದ್ದರೆ ರಾಡ್ ಹಿಡಿದ ಹೋಲ್ಡರನ್ನು ಅದರಿಂದ ಬಿಡಿಸಿ. ರಾಡಿಗೂ ಕಬ್ಬಿಣಕ್ಕೂ ನಡುವೆ 70–80 ಡಿಗ್ರಿ ಕೋನ ಇರುವಂತೆ ಸಾಗುವ ದಿಕ್ಕಿಗೆ ವಾಲಿಸಿ ರಾಡನ್ನು ಎಳೆದುಕೊಂಡು ಹೋಗಬೇಕು, ತಳ್ಳಬಾರದು.

ಗೇಟಿನ ಚೌಕಟ್ಟಿನ ಬಗ್ಗೆ ಒಂದು ಮಾತು. ಒಂದು ಮೂಲೆ ಪೂರ್ತಿ ಬೆಸೆದು ಮುಂದಿನದಕ್ಕೆ ಹೋದರೆ, ಆರುವಾಗ ಲೋಹ ಕುಗ್ಗಿ ಚೌಕಟ್ಟನ್ನು ಎಳೆಯುತ್ತದೆ. ಮೊದಲು ನಾಲ್ಕೂ ಮೂಲೆಗೆ ಟ್ಯಾಕ್ (ಹಿಡಿದಿಡಲು ಚುಕ್ಕೆಯಷ್ಟು ಬೆಸುಗೆ) ಹಾಕಿ, ಎರಡೂ ಕರ್ಣ ಟೇಪಿನಲ್ಲಿ ಅಳೆದು ಸಮ ಇದ್ದರೆ ಮಾತ್ರ ಎದುರುಬದುರು ಮೂಲೆಗಳನ್ನು ಸರದಿಯಂತೆ ಬೆಸೆಯಿರಿ. ತೆಳು ಚೌಕ ಪೈಪಿಗೆ ಒಂದೇ ಓಟ ಬೇಡ. ಅರ್ಧ ಇಂಚು ಬೆಸೆದು ಬಿಟ್ಟು ಬಿಟ್ಟು ಮುಂದುವರಿಯಿರಿ, ಇಲ್ಲದಿದ್ದರೆ ತೂತು ಬೀಳುತ್ತದೆ.

ಕಣ್ಣಿನ ವಿಷಯದಲ್ಲಿ ಕೈಮುಗಿದು ಕೇಳುತ್ತೇನೆ. ಬರೀ ಟ್ಯಾಕ್ ತಾನೇ ಅಂತ ಕಣ್ಣು ಮುಚ್ಚಿಕೊಂಡು ಬೆಸೆಯಬೇಡಿ. ಅತಿನೇರಳೆ ಕಿರಣ ಕಣ್ಣಿನ ಪಾರದರ್ಶಕ ಪದರವನ್ನು ಸುಡುತ್ತದೆ. ತಕ್ಷಣ ಗೊತ್ತಾಗುವುದಿಲ್ಲ, ರಾತ್ರಿ ಮಲಗಿದಾಗ ಕಣ್ಣೊಳಗೆ ಮರಳು ಸುರಿದಂತಾಗುತ್ತದೆ. ಹಾಲು, ಆಲೂಗಡ್ಡೆ ಹೋಳು ಅಂತ ಏನೇನೋ ಹೇಳುತ್ತಾರೆ, ಕಣ್ಣಿಗೆ ಹಾಕಬೇಡಿ. ಮುಚ್ಚಿದ ರೆಪ್ಪೆ ಮೇಲೆ ತಣ್ಣನೆ ಬಟ್ಟೆ ಇಟ್ಟು ಡಾಕ್ಟರಿಗೆ ತೋರಿಸಿ. ಈ ಕೆಲಸಕ್ಕೆ 10 ಅಥವಾ 11 ನಂಬರಿನ ಕಪ್ಪು ಗಾಜು ಬೇಕು. ಜಿಐ ಪೈಪಾದರೆ ಬೆಸೆಯುವ ಜಾಗದ ಸತುವಿನ ಲೇಪ ಉಜ್ಜಿ ತೆಗೆದು ಬಯಲಲ್ಲಿ ಮಾಡಿ. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಎಣ್ಣೆಯ ಡ್ರಮ್ಮು ಖಾಲಿ ಅಂತ ಕಂಡರೂ ಬೆಸೆಯಲು ಮುಟ್ಟಲೇಬೇಡಿ.

ನಿಮ್ಮ ಬೆಸುಗೆ ನಿಜವಾಗಿ ಹಿಡಿದಿದೆಯಾ ಅಂತ ತಿಳಿಯಲು ಎರಡು ತುಂಡು ಪಟ್ಟಿಯನ್ನು ಟಿ ಆಕಾರದಲ್ಲಿ ನಿಲ್ಲಿಸಿ ಒಂದೇ ಬದಿ ಬೆಸೆಯಿರಿ. ಆರಿದ ಮೇಲೆ ವೈಸಿಗೆ ಕಚ್ಚಿಸಿ, ನಿಂತ ಪಟ್ಟಿಯನ್ನು ಬೆಸುಗೆಯ ಕಡೆಗೇ ಬಾಗುವಂತೆ ಸುತ್ತಿಗೆಯಿಂದ ಬಡಿಯಿರಿ. ಮುರಿದಾಗ ಬುಡದಲ್ಲಿ ಪಟ್ಟಿಯ ಹಳೇ ಅಂಚು ಚೂಪಾಗಿ ಹಾಗೇ ಕಂಡರೆ, ಅಲ್ಲಿ ಲೋಹ ಕರಗಿಯೇ ಇಲ್ಲ. ಐದಾರು ಆಂಪ್ಸ್ ಏರಿಸಿ, ಆರ್ಕನ್ನು ಮೂಲೆಯೊಳಕ್ಕೆ ಒತ್ತಿ ಹಿಡಿದು, ಇನ್ನೊಂದು ಜೊತೆ ಪಟ್ಟಿ ತೆಗೆದುಕೊಳ್ಳಿ.