ಕೆಂಪು ದೀಪ ಉರಿಯುತ್ತಿದೆ, ಪೈ ಮಾತ್ರ ಏಳುತ್ತಿಲ್ಲ

ಶನಿವಾರ ಸಂಜೆ ಪ್ರಯೋಗಾಲಯಕ್ಕೆ ಬೀಗ ಹಾಕುವ ಮುನ್ನ ಕ್ರಮವಾಗಿಯೇ ಶಟ್‌ಡೌನ್ ಮಾಡಿದ್ದ ರಾಸ್‌ಬೆರಿ ಪೈ ಎಂಬ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ಸೋಮವಾರ ಬೆಳಿಗ್ಗೆ ಏಳಲಿಲ್ಲ ಎಂಬ ದೂರು ನನಗೆ ಹೊಸದಲ್ಲ. ಕೆಂಪು ದೀಪ ಉರಿಯುತ್ತಿರುತ್ತದೆ, ಮಾನಿಟರ್ ಕಪ್ಪಾಗಿಯೇ ಇರುತ್ತದೆ, ಕೀಬೋರ್ಡಿನ ಗುಂಡಿಗಳನ್ನೆಲ್ಲ ಒತ್ತಿ ನೋಡಿ ಆಗಿರುತ್ತದೆ. ಎಂಜಿನಿಯರಿಂಗ್ ಕಾಲೇಜುಗಳ ಎಂಬೆಡೆಡ್ ಪ್ರಯೋಗಾಲಯಗಳಿಗೆ ಬೋರ್ಡುಗಳನ್ನು ಅಳವಡಿಸಿಕೊಟ್ಟು ನಿರ್ವಹಿಸುವುದು ನನ್ನ ವೃತ್ತಿ. "ಸರ್, ಬೋರ್ಡ್ ಹೋಗಿದೆ ಅನಿಸುತ್ತದೆ, ಹೊಸದಕ್ಕೆ ಕೊಟೇಶನ್ ಕಳುಹಿಸಿ" ಎಂದೇ ಇಂಥ ಕರೆಗಳು ಆರಂಭವಾಗುತ್ತವೆ. ಕೊಟೇಶನ್ ಕಳುಹಿಸಿದರೆ ನನಗೆ ಲಾಭವೇ ಹೊರತು ನಷ್ಟವಿಲ್ಲ. ಆದರೆ ಹೀಗೆ ನನ್ನ ಮೇಜಿಗೆ ಬಂದ ಬೋರ್ಡುಗಳಲ್ಲಿ ನಿಜವಾಗಿ ಸತ್ತಿದ್ದವು ಕೈಬೆರಳೆಣಿಕೆಯಷ್ಟು ಮಾತ್ರ.

ಗೊಂದಲದ ಮೂಲ ಈ ಪುಟ್ಟ ಕಂಪ್ಯೂಟರಿನ ರಚನೆಯಲ್ಲಿಯೇ ಇದೆ. ನಮ್ಮ ಮೇಜಿನ ಕಂಪ್ಯೂಟರುಗಳಲ್ಲಿ ಶಟ್‌ಡೌನ್ ಆದ ಮೇಲೂ ಒಳಗಿನ ವಿದ್ಯುತ್ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಒಂದು ಸಣ್ಣ ವಿದ್ಯುತ್ ಸರಬರಾಜನ್ನು ಜೀವಂತವಾಗಿ ಇಟ್ಟುಕೊಂಡು ಮುಂಭಾಗದ ಗುಂಡಿಗಾಗಿ ಕಾಯುತ್ತಿರುತ್ತದೆ. 2012ರ ಫೆಬ್ರವರಿ 29ರಂದು ಮಾರುಕಟ್ಟೆಗೆ ಬಂದ ಮೊದಲ ಪೈನಿಂದ ಹಿಡಿದು ನಾಲ್ಕನೆಯ ಮಾದರಿಯ ಬೋರ್ಡಿನವರೆಗೆ, ಅಗ್ಗವಾಗಿರಬೇಕೆಂಬ ಉದ್ದೇಶದಿಂದ ರೂಪಿಸಿದ ಈ ಬೋರ್ಡುಗಳಲ್ಲಿ ಅಂಥ ಗುಂಡಿಯೇ ಇಲ್ಲ. ಶಟ್‌ಡೌನ್ ಆದೇಶ ಕೊಟ್ಟಾಗ ಕಾರ್ಯಾಚರಣ ವ್ಯವಸ್ಥೆಯು ನಡೆಯುತ್ತಿರುವ ಪ್ರೋಗ್ರಾಂಗಳನ್ನು ನಿಲ್ಲಿಸಿ, ನೆನಪಿನಲ್ಲಿ ಉಳಿದಿರುವ ಮಾಹಿತಿಯನ್ನು ಎಸ್‌ಡಿ ಕಾರ್ಡಿಗೆ ಬರೆದು, ಕೊನೆಗೆ ಪ್ರೊಸೆಸರನ್ನು ತಟಸ್ಥಗೊಳಿಸುತ್ತದೆ. ಅಡಾಪ್ಟರಿನಿಂದ ಬರುವ 5 ವೋಲ್ಟ್ ಮಾತ್ರ ಬರುತ್ತಲೇ ಇರುತ್ತದೆ. ಕೆಂಪು ದೀಪ ಹೇಳುವುದು ಆ 5 ವೋಲ್ಟಿನ ಸಂಗತಿಯನ್ನಷ್ಟೆ. ಕಾರ್ಡಿನೊಡನೆ ಓದು ಬರಹ ನಡೆದಿದೆಯೇ ಎಂಬುದನ್ನು ಹೇಳುವುದು ಪಕ್ಕದ ಹಸಿರು ದೀಪ. ಆದ್ದರಿಂದ ಶಟ್‌ಡೌನ್ ಆದ ಪೈನಲ್ಲಿ ಕೆಂಪು ಉರಿದು ಹಸಿರು ಆರಿರುವುದು ದೋಷವಲ್ಲ, ಅದು ಇರಬೇಕಾದ ಸ್ಥಿತಿ. ಅಡಾಪ್ಟರಿನ ಸ್ವಿಚ್ ಆರಿಸಿ, ಹತ್ತು ಸೆಕೆಂಡು ಬಿಟ್ಟು, ಮತ್ತೆ ಹಾಕಿದರೆ ಅದು ಏಳುತ್ತದೆ. ಅರ್ಧದಷ್ಟು ದೂರುಗಳು ಫೋನಿನಲ್ಲಿಯೇ ಇಲ್ಲಿಗೆ ಮುಗಿಯುತ್ತವೆ. (ಬೋರ್ಡಿನಿಂದ ಕೇಬಲ್ ಕಿತ್ತು ಚುಚ್ಚುವ ಅಭ್ಯಾಸ ಬೇಡ, ಹಳೆಯ ಮಾದರಿಗಳ ಮೈಕ್ರೋ ಯುಎಸ್‌ಬಿ ಸಾಕೆಟ್ ಬೇಗ ಸಡಿಲವಾಗುತ್ತದೆ. ಗೋಡೆಯ ಸ್ವಿಚ್ಚನ್ನೇ ಬಳಸಿ.)

ವಿದ್ಯುತ್ ತೆಗೆಯದೆಯೇ ಎಬ್ಬಿಸುವ ಇನ್ನೊಂದು ದಾರಿಯೂ ಇದೆ. ನಲವತ್ತು ಪಿನ್ನುಗಳ ಸಾಲಿನಲ್ಲಿ 5ನೆಯ ಪಿನ್ನನ್ನು ಅದರ ಎದುರಿಗಿರುವ 6ನೆಯ ಪಿನ್ನಿಗೆ, ಅಂದರೆ ಗ್ರೌಂಡಿಗೆ, ಜಂಪರ್ ವೈರಿನಿಂದ ಕ್ಷಣಕಾಲ ಮುಟ್ಟಿಸಿದರೆ ಮಲಗಿರುವ ಪೈ ಎಚ್ಚರಗೊಳ್ಳುತ್ತದೆ. ಈ ಎರಡು ಪಿನ್ನುಗಳ ನಡುವೆ ಎಂಟು ಹತ್ತು ರೂಪಾಯಿಯ ಒಂದು ಪುಶ್ ಬಟನ್ ಬೆಸುಗೆ ಹಾಕಿ, ಕಾನ್ಫಿಗ್ ಕಡತದಲ್ಲಿ ಜಿಪಿಐಒ ಶಟ್‌ಡೌನ್ ಓವರ್‌ಲೇ (gpio-shutdown) ಸಾಲನ್ನು ಸೇರಿಸಿದರೆ ಅದೇ ಗುಂಡಿಯಿಂದ ಆರಿಸಲೂ ಬಹುದು, ಎಬ್ಬಿಸಲೂ ಬಹುದು. ಕೈ ಮಾತ್ರ ತಪ್ಪಬಾರದು. 6ರ ಪಕ್ಕದ 4ನೆಯ ಪಿನ್ನಿನಲ್ಲಿ 5 ವೋಲ್ಟ್ ಇರುತ್ತದೆ, 5ನೆಯ ಪಿನ್ ತಾಳಿಕೊಳ್ಳುವುದು 3.3 ವೋಲ್ಟನ್ನು ಮಾತ್ರ. ಅವೆರಡನ್ನೂ ಮುಟ್ಟಿಸಿದರೆ ಬೋರ್ಡ್ ಹೋಗಿದೆ ಎಂಬ ಮಾತು ಆಗ ನಿಜವಾಗುತ್ತದೆ. ಇನ್ನೊಂದು ತೊಡಕೂ ಉಂಟು. 3 ಮತ್ತು 5ನೆಯ ಪಿನ್ನುಗಳು ಹೊರಗಿನ ಮಾಡ್ಯೂಲುಗಳೊಡನೆ ಮಾತಾಡುವ ಐ2ಸಿ ಸಂಪರ್ಕದ ಪಿನ್ನುಗಳೂ ಹೌದು, ಆದ್ದರಿಂದ ಗಡಿಯಾರದ ಮಾಡ್ಯೂಲನ್ನೋ ಸೆನ್ಸರನ್ನೋ ಅಲ್ಲಿಗೆ ಜೋಡಿಸಿದ್ದರೆ ಈ ಗುಂಡಿಯನ್ನು ಅದೇ ಜಾಗದಲ್ಲಿ ಇಡಲಾಗದು. ನಾಲ್ಕನೆಯ ಮಾದರಿಯಲ್ಲಿ ಬೂಟ್‌ಲೋಡರಿನ, ಅಂದರೆ ಬೋರ್ಡನ್ನು ಮೊದಲು ಎಬ್ಬಿಸುವ ಪ್ರೋಗ್ರಾಮಿನ, ಸಂಯೋಜನೆಯೂ ಇದರಲ್ಲಿ ಕೈಯಾಡಿಸುತ್ತದೆ. ಶಟ್‌ಡೌನ್ ಸ್ಥಿತಿಯಲ್ಲಿ ವಿದ್ಯುತ್ ಉಳಿಸಲೆಂದು ವಿದ್ಯಾರ್ಥಿಯೊಬ್ಬರು ಪಿನ್ನಿನಿಂದ ಎಚ್ಚರಗೊಳ್ಳುವ ಸೌಲಭ್ಯವನ್ನು ಮುಚ್ಚಿ, ಸರಬರಾಜನ್ನೇ ಪೂರ್ತಿ ಕಡಿಯುವ ಆಯ್ಕೆಯನ್ನು ತೆರೆದಿಟ್ಟಿದ್ದರು. ಗುಂಡಿ ಕೆಟ್ಟಿದೆ ಎಂದು ಮೂರು ಗುಂಡಿ ಬದಲಿಸಿದ ಮೇಲೆ ನನಗೆ ಕರೆ ಬಂದಿತ್ತು. 2023ರಲ್ಲಿ ಬಂದ ಐದನೆಯ ಮಾದರಿಗೆ ತನ್ನದೇ ಗುಂಡಿ ಇರುವುದರಿಂದ ಈ ಕಸರತ್ತು ಅಲ್ಲಿ ಬೇಕಾಗಿಲ್ಲ.

ಇನ್ನು ವಿದ್ಯುತ್ ತೆಗೆದು ಹಾಕಿದ ಮೇಲೂ ಏಳದ ಪೈಗಳ ವಿಷಯ. ಇಲ್ಲಿ ಬಹುತೇಕರು ತಪ್ಪನ್ನು ಶಟ್‌ಡೌನಿನ ಮೇಲೆ ಹೊರಿಸುತ್ತಾರೆ: "ಶನಿವಾರದವರೆಗೆ ಚೆನ್ನಾಗಿಯೇ ಇತ್ತು, ಆರಿಸಿದ್ದರಿಂದಲೇ ಕೆಟ್ಟಿತು." ನನ್ನ ಅನುಭವ ಇದಕ್ಕೆ ವಿರುದ್ಧವಾಗಿದೆ. ಒಮ್ಮೆ ಎದ್ದು ನಿಂತ ಪೈ ತನ್ನ ಕರ್ನೆಲನ್ನು, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು, ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಏಳಲು ಬೇಕಾದ ಕಡತಗಳಿರುವ, ಕಾರ್ಡಿನ ಬೂಟ್ ವಿಭಾಗವನ್ನು ಮತ್ತೆ ಓದುವ ಅಗತ್ಯ ಅದಕ್ಕೆ ಬೀಳುವುದೇ ಅಪರೂಪ. ಆರು ತಿಂಗಳು ನಿಲ್ಲದೆ ಓಡಿದ ಯಂತ್ರದ ಕಾರ್ಡಿನಲ್ಲಿ ಬೂಟ್ ಕಡತವೊಂದು ಮೂರನೆಯ ತಿಂಗಳಲ್ಲಿಯೇ ಕೆಟ್ಟಿದ್ದರೂ ಅದು ಗೊತ್ತಾಗುವುದು ಆರಿಸಿ ಮತ್ತೆ ಹಾಕಿದ ದಿನವೇ. ಸೊರಗಿದ ಅಡಾಪ್ಟರಿನ ಕಥೆಯೂ ಇದೇ. ಹಾಗಾಗಿ ಶನಿವಾರ ಸಂಜೆ ಏನಾಯಿತು ಎಂದು ಕೇಳುವುದನ್ನು ಬಿಟ್ಟು, ಈ ಬೋರ್ಡ್ ಕೊನೆಯ ಬಾರಿ ಪೂರ್ತಿ ಆರಿ ಎದ್ದದ್ದು ಯಾವಾಗ, ಅದಾದ ಮೇಲೆ ಏನೇನು ಬದಲಾಯಿತು ಎಂದು ನಾನು ಕೇಳುತ್ತೇನೆ.

ಮೊದಲು ಮಾಡಬೇಕಾದದ್ದು ಬೋರ್ಡನ್ನು ಬರಿದಾಗಿಸುವುದು. ಕೀಬೋರ್ಡ್, ಹಾರ್ಡ್ ಡಿಸ್ಕ್, ಯುಎಸ್‌ಬಿ ಹಬ್, ಎಚ್‌ಡಿಎಂಐ, ಪಿನ್ನುಗಳ ಮೇಲಿನ ವೈರುಗಳು, ಎಲ್ಲವನ್ನೂ ತೆಗೆದು ಅಡಾಪ್ಟರ್ ಮತ್ತು ಕಾರ್ಡ್ ಮಾತ್ರ ಉಳಿಸಿ. ಇದು ಹೊರೆ ಇಳಿಸುವುದಕ್ಕಷ್ಟೇ ಅಲ್ಲ. ಸ್ವಂತ ಅಡಾಪ್ಟರ್ ಇರುವ ಕೆಲವು ಹಬ್‌ಗಳು ಪೈನ ಯುಎಸ್‌ಬಿ ಕಿಂಡಿಯ ಮೂಲಕವೇ ಅದಕ್ಕೆ ಹಿಮ್ಮುಖವಾಗಿ ವಿದ್ಯುತ್ ಊಡುತ್ತವೆ. ಪಿನ್ನುಗಳಿಗೆ ಸಿಕ್ಕಿಸಿದ ಸೀರಿಯಲ್ ಕೇಬಲ್ಲಿನಿಂದಲೂ ಕೆಲವೊಮ್ಮೆ ಹೀಗಾಗುತ್ತದೆ. ಆಗ ಗೋಡೆಯ ಸ್ವಿಚ್ ಆರಿಸಿದರೂ ಬೋರ್ಡಿನಲ್ಲಿ ಅರೆಜೀವದಷ್ಟು ವೋಲ್ಟೇಜ್ ಉಳಿದಿರುತ್ತದೆ, ಪ್ರೊಸೆಸರಿಗೆ ತಾನು ಹೊಸದಾಗಿ ಆರಂಭವಾಗಬೇಕೆಂಬ ಸೂಚನೆಯೇ ಸಿಗುವುದಿಲ್ಲ. ಒಂದು ಪ್ರಯೋಗಾಲಯದಲ್ಲಿ ಹನ್ನೆರಡು ಬೋರ್ಡುಗಳ ಪೈಕಿ ನಾಲ್ಕು ಮಾತ್ರ ಹೀಗೆ ಹಟ ಹಿಡಿಯುತ್ತಿದ್ದವು, ಅದೂ ಸೋಮವಾರವಷ್ಟೇ. ಕಾರ್ಡ್, ಅಡಾಪ್ಟರ್ ಎರಡನ್ನೂ ಅದಲು ಬದಲು ಮಾಡಿ ಒಂದು ಮಧ್ಯಾಹ್ನ ಕಳೆದ ಮೇಲೆ, ಮುಖ್ಯ ಸ್ವಿಚ್ ಆರಿಸಿದ ಕೋಣೆಯಲ್ಲಿ ಆ ನಾಲ್ಕರ ಕೆಂಪು ದೀಪಗಳು ಮಂಕಾಗಿ ಉರಿಯುತ್ತಿರುವುದು ಕಣ್ಣಿಗೆ ಬಿತ್ತು. ಅವುಗಳ ಹಬ್‌ಗಳು ಯುಪಿಎಸ್ ಸಾಲಿನಲ್ಲಿದ್ದವು, ಪೈಗಳು ಸಾಮಾನ್ಯ ಸಾಲಿನಲ್ಲಿ.

ಬರಿದಾದ ಬೋರ್ಡಿಗೆ ನಂತರ ಹಾಕಿ ನೋಡಬೇಕಾದದ್ದು ಹೊಸದಾಗಿ ಇಮೇಜ್ (ಕಾರ್ಯಾಚರಣ ವ್ಯವಸ್ಥೆಯ ಸಿದ್ಧ ಪ್ರತಿ) ಬರೆದ ಇನ್ನೊಂದು ಕಾರ್ಡ್. ನನ್ನ ಚೀಲದಲ್ಲಿ ಮಲ್ಟಿಮೀಟರ್ ಇಲ್ಲದ ದಿನವಿರಬಹುದು, ಇಂಥ ಕಾರ್ಡ್ ಇಲ್ಲದ ದಿನವಿಲ್ಲ. ಅದರಿಂದ ಪೈ ಎದ್ದರೆ ಬೋರ್ಡ್ ಸರಿಯಾಗಿದೆ, ದೋಷ ಹಳೆಯ ಕಾರ್ಡಿನಲ್ಲಿದೆ ಎಂದು ಎರಡೇ ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಹಳೆಯ ಕಾರ್ಡ್ ಹಾಕಿದಾಗಿನ ಹಸಿರು ದೀಪವನ್ನೂ ಗಮನಿಸಿ. ಅದು ನಾಲ್ಕು ಬಾರಿ ಮಿನುಗಿ, ನಿಂತು, ಮತ್ತೆ ನಾಲ್ಕು ಬಾರಿ ಮಿನುಗುತ್ತಿದ್ದರೆ ಆರಂಭದ ಫರ್ಮ್‌ವೇರ್ ಕಡತ ಸಿಕ್ಕಿಲ್ಲವೆಂದೂ, ಏಳು ಬಾರಿಯಾದರೆ ಕರ್ನೆಲ್ ಸಿಕ್ಕಿಲ್ಲವೆಂದೂ ಅರ್ಥ. ಎರಡೂ ಬೂಟ್ ವಿಭಾಗ ಕೆಟ್ಟಿರುವುದರ ಕುರುಹು. ಎಂಟು ಬಾರಿ ಮಿನುಗಿದರೆ ದೋಷ ಬೋರ್ಡಿನ ರ‍್ಯಾಮ್‌ನಲ್ಲಿದೆ, ಅದಕ್ಕೆ ಮನೆಮದ್ದಿಲ್ಲ.

ಕೆಟ್ಟ ಕಾರ್ಡನ್ನು ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದ ಕೂಡಲೇ ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ ಎಂಬ ಪ್ರಶ್ನೆ ತೆರೆಯ ಮೇಲೆ ಬರುತ್ತದೆ. ಒಪ್ಪಿಗೆ ಕೊಡಬೇಡಿ. ಪೈನ ಮುಖ್ಯ ವಿಭಾಗ ಲಿನಕ್ಸಿನ ಇಎಕ್ಸ್‌ಟಿ4 ಮಾದರಿಯದು, ವಿಂಡೋಸಿಗೆ ಅದು ಓದಲು ಬಾರದು, ಅಷ್ಟೇ. ಹೀಗೆ ಒಪ್ಪಿಗೆಯ ಗುಂಡಿ ಒತ್ತಿ ಒಂದು ಸೆಮಿಸ್ಟರಿನ ಪ್ರಾಜೆಕ್ಟ್ ಕಳೆದುಕೊಂಡವರನ್ನು ಕಂಡಿದ್ದೇನೆ. ಹೊಸ ಕಾರ್ಡಿನಿಂದ ಎದ್ದ ಪೈಗೇ ಹಳೆಯ ಕಾರ್ಡನ್ನು ಯುಎಸ್‌ಬಿ ರೀಡರಿನಲ್ಲಿ ಸಿಕ್ಕಿಸಿ, ಮೊದಲು ಅದರ ಪೂರ್ಣ ನಕಲು ತೆಗೆದುಕೊಂಡು, ಆಮೇಲೆ ಕಡತ ವ್ಯವಸ್ಥೆಯನ್ನು ಪರೀಕ್ಷಿಸುವ ಎಫ್‌ಎಸ್‌ಸಿಕೆ (fsck) ಆದೇಶದಿಂದ ದುರಸ್ತಿಗೆ ತೊಡಗುವುದು ಸುರಕ್ಷಿತ ಕ್ರಮ.

ಕಾರ್ಡ್ ಏಕೆ ಕೆಟ್ಟಿತು ಎಂಬುದಕ್ಕೆ ಸಾಮಾನ್ಯ ಉತ್ತರ ಅವಸರ. ಶಟ್‌ಡೌನ್ ಒತ್ತಿದ ಕೂಡಲೇ ಮಾನಿಟರ್ ಕಪ್ಪಾಗುತ್ತದೆ, ಆದರೆ ಯಾವುದೋ ಸೇವೆ ನಿಲ್ಲಲು ಒಪ್ಪದಿದ್ದರೆ ವ್ಯವಸ್ಥೆ ಅದಕ್ಕಾಗಿ 90 ಸೆಕೆಂಡಿನವರೆಗೂ ಕಾಯುವುದುಂಟು. ಅಷ್ಟರಲ್ಲಿ ಸ್ವಿಚ್ ಆರಿಸಿದರೆ ಬರಹ ಅರ್ಧಕ್ಕೆ ನಿಲ್ಲುತ್ತದೆ. ಹಸಿರು ದೀಪದ ಚಲನೆ ಪೂರ್ತಿ ನಿಂತ ಮೇಲೆ ನಾಲ್ಕೈದು ಸೆಕೆಂಡು ಬಿಟ್ಟು ಸ್ವಿಚ್ಚಿಗೆ ಕೈ ಹಾಕಿ. ದಿನಕ್ಕೆ ನಾಲ್ಕು ಬಾರಿ ಕರೆಂಟ್ ಹೋಗುವ ಊರುಗಳಲ್ಲಿ ಈ ಶಿಸ್ತು ಸಾಲದು. ಅಲ್ಲಿ ಸೆನ್ಸರ್ ಓದುವುದಷ್ಟೇ ಕೆಲಸವಿರುವ ಪೈಗಳಿಗೆ ರಾಸ್ಪಿ ಕಾನ್ಫಿಗ್ (raspi-config) ಎಂಬ ಸಂಯೋಜನಾ ಪ್ರೋಗ್ರಾಮಿನಲ್ಲಿರುವ ಓವರ್‌ಲೇ ಫೈಲ್ ಸಿಸ್ಟಂ ಆಯ್ಕೆಯನ್ನು ತೆರೆದು, ಕಾರ್ಡಿಗೆ ಏನನ್ನೂ ಬರೆಯದಂತೆ ಮಾಡಿಡುತ್ತೇನೆ.

ಹೊಸ ಕಾರ್ಡಿನಿಂದಲೂ ಏಳದಿದ್ದರೆ ವಿದ್ಯುತ್ತಿನ ಕಡೆ ತಿರುಗಬೇಕು. ಮೂರನೆಯ ಮಾದರಿಗೆ 2.5, ನಾಲ್ಕನೆಯದಕ್ಕೆ 3, ಐದನೆಯದಕ್ಕೆ 5 ಆಂಪಿಯರ್ ಕೊಡುವ 5.1 ವೋಲ್ಟಿನ ಅಡಾಪ್ಟರುಗಳನ್ನು ತಯಾರಕರು ಸೂಚಿಸುತ್ತಾರೆ. ಆ 0.1 ವೋಲ್ಟ್ ಕೇಬಲ್ಲಿನಲ್ಲಿ ಆಗುವ ನಷ್ಟಕ್ಕಾಗಿ. ಬೋರ್ಡನ್ನು ತಲುಪುವ ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗಿಳಿದರೆ ಪೈ ಅದನ್ನು ಕೊರತೆ ಎಂದು ಗುರುತಿಸುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಐವತ್ತು ರೂಪಾಯಿಗೆ ಸಿಗುವ ತೆಳುವಾದ ಕೇಬಲ್ಲಿನ ಎರಡು ತಂತಿಗಳ ಒಟ್ಟು ರೋಧ ಕಾಲು ಓಮ್ ಇದೆ ಎಂದಿಟ್ಟುಕೊಳ್ಳಿ. ಎರಡು ಆಂಪಿಯರ್ ಹರಿದಾಗ ಅರ್ಧ ವೋಲ್ಟ್ ಅದರಲ್ಲಿಯೇ ಕರಗುತ್ತದೆ, 5 ವೋಲ್ಟಿನ ಚಾರ್ಜರಿನಿಂದ ಹೊರಟದ್ದು ಬೋರ್ಡಿಗೆ ಮುಟ್ಟುವಾಗ 4.5 ಆಗಿರುತ್ತದೆ. ಸುಮ್ಮನೆ ಓಡುತ್ತಿರುವಾಗ ಅಷ್ಟು ವಿದ್ಯುತ್ ಬೇಡವಾದ್ದರಿಂದ ದೋಷ ಕಾಣುವುದಿಲ್ಲ, ಆರಂಭದಲ್ಲಿ ಎಲ್ಲ ಉಪಕರಣಗಳೂ ಒಮ್ಮೆಗೇ ಎದ್ದಾಗ ಕಾಣುತ್ತದೆ. 2 ಮತ್ತು 6ನೆಯ ಪಿನ್ನುಗಳ ನಡುವೆ ಮಲ್ಟಿಮೀಟರ್ ಹಿಡಿದು ಸ್ವಿಚ್ ಹಾಕಿ. ಏಳುವ ಪ್ರಯತ್ನದಲ್ಲಿರುವಾಗ ಎಷ್ಟು ತೋರಿಸುತ್ತದೆ ಎಂಬುದೇ ಮುಖ್ಯ. ಹೇಗೋ ಎದ್ದ ಬೋರ್ಡಾದರೆ ಅದರ ಸ್ಥಿತಿ ತಿಳಿಸುವ ವಿಸಿಜೆನ್‌ಸಿಎಂಡಿ ಆದೇಶಕ್ಕೆ ಗೆಟ್ ಥ್ರಾಟಲ್ಡ್ (vcgencmd get_throttled) ಎಂದು ಕೇಳಿ: ಉತ್ತರ ಬರಿಯ ಸೊನ್ನೆಯಾದರೆ ನಿಶ್ಚಿಂತೆ, 50000 ಎಂದಿದ್ದರೆ ಎದ್ದಂದಿನಿಂದ ಒಮ್ಮೆಯಾದರೂ ಕೊರತೆಯಾಗಿದೆ, 50005 ಎಂದಿದ್ದರೆ ಈ ಕ್ಷಣವೂ ಆಗುತ್ತಿದೆ.

ಪೈ ಎದ್ದಿದ್ದೂ ಎದ್ದಿಲ್ಲವೆಂದು ತೋರುವ ಪ್ರಸಂಗಗಳೂ ಇವೆ. ನಾಲ್ಕನೆಯ ಮಾದರಿಯ ಎರಡು ಎಚ್‌ಡಿಎಂಐ ಕಿಂಡಿಗಳಲ್ಲಿ ವಿದ್ಯುತ್ ಕಿಂಡಿಗೆ ಹತ್ತಿರವಿರುವುದನ್ನೇ ಬಳಸಿ, ಮಾನಿಟರನ್ನು ಮೊದಲು ಹಾಕಿ ಆಮೇಲೆ ಪೈಗೆ ವಿದ್ಯುತ್ ಕೊಡಿ. ತೆರೆ ಕಪ್ಪಾಗಿದ್ದರೂ ಹಸಿರು ದೀಪ ಅನಿಯಮಿತವಾಗಿ ಮಿನುಗುತ್ತಿದ್ದರೆ ರೂಟರಿನ ಪಟ್ಟಿಯಲ್ಲಿ ಅದರ ಹೆಸರು ಹುಡುಕಿ. ಬಹುಶಃ ಅದು ಆಗಲೇ ಕೆಲಸದಲ್ಲಿ ತೊಡಗಿರುತ್ತದೆ.

ಇಷ್ಟೆಲ್ಲ ಆದ ಮೇಲೂ ಹಸಿರು ದೀಪ ಒಮ್ಮೆಯೂ ಮಿನುಗದಿದ್ದರೆ, ನಾಲ್ಕನೆಯ ಮಾದರಿಯಲ್ಲಿ ಬೂಟ್‌ಲೋಡರ್ ಮರುಸ್ಥಾಪನೆಯ ಇಮೇಜನ್ನು ಒಂದು ಕಾರ್ಡಿಗೆ ಬರೆದು ಹಾಕಿ ನೋಡಿ. ಅದು ಫಲಿಸಿದರೆ ಹಸಿರು ದೀಪ ಒಂದೇ ಸಮನೆ ವೇಗವಾಗಿ ಮಿನುಗಿ, ತೆರೆ ಪೂರ್ತಿ ಹಸಿರಾಗುತ್ತದೆ. ಹಳೆಯ ಮಾದರಿಗಳಲ್ಲಿ ವಿದ್ಯುತ್ ಕಿಂಡಿಯ ಬಳಿಯ ಪಾಲಿಫ್ಯೂಸ್ (ತಣಿದ ಮೇಲೆ ತಾನಾಗಿಯೇ ಸರಿಹೋಗುವ ಫ್ಯೂಸ್) ಬಿಸಿಯಾಗಿ ತಡೆಹಿಡಿದಿರಬಹುದು. ಅದು ಮೊದಲಿನಂತಾಗಲು ಕೆಲವು ಗಂಟೆ, ಕೆಲವೊಮ್ಮೆ ದಿನಗಳೇ ಹಿಡಿಯುವುದರಿಂದ ಬೋರ್ಡನ್ನು ಒಂದೆರಡು ದಿನ ಸುಮ್ಮನೆ ಇಡುವುದೂ ಒಂದು ಚಿಕಿತ್ಸೆಯೇ. ಕೊನೆಗೆ 1ನೆಯ ಪಿನ್ನನ್ನು ಅಳೆಯುತ್ತೇನೆ. 5 ವೋಲ್ಟ್ ಸರಿಯಾಗಿ ಬರುತ್ತಿದ್ದೂ ಅಲ್ಲಿ 3.3 ಇಲ್ಲವೆಂದಾದರೆ, ಅಥವಾ ಸ್ವಿಚ್ ಹಾಕಿದ ಕೆಲವೇ ಕ್ಷಣಗಳಲ್ಲಿ ಚಿಪ್ ಬೆರಳಿಡಲಾಗದಷ್ಟು ಕಾದರೆ, ಆಗ ಕೊಟೇಶನ್ ಕಳುಹಿಸುತ್ತೇನೆ. ಅದರ ಜೊತೆಗೆ ಒಂದು ಸಾಲು ಸೇರಿಸುತ್ತೇನೆ: ಹಳೆಯ ಕಾರ್ಡನ್ನು ತೆಗೆದಿಡಿ. ಅದೇ ಮಾದರಿಯ ಹೊಸ ಬೋರ್ಡಾದರೆ ಕಾರ್ಡನ್ನು ಹಾಗೆಯೇ ಸಿಕ್ಕಿಸಬಹುದು. ಐದನೆಯ ಮಾದರಿಗೆ ಬಡ್ತಿ ಪಡೆಯುವುದಾದರೆ 2023ರ ಅಕ್ಟೋಬರಿಗಿಂತ ಹಿಂದಿನ ಇಮೇಜಿನಿಂದ ಅದು ಏಳುವುದಿಲ್ಲ, ಆಗ ಕಾರ್ಡಿನಿಂದ ನಿಮ್ಮ ಕಡತಗಳನ್ನಷ್ಟೇ ನಕಲು ಮಾಡಿಕೊಳ್ಳಬೇಕಾಗುತ್ತದೆ.